ಕಾರಿಗೆ ಹೊರಗಿನ ಸ್ಟೀರಿಯೋ ನಾವೇ ಹಾಕಿಕೊಳ್ಳಬಹುದೇ? ಬೆಂಕಿ ಹತ್ತುತ್ತದೆ ಎಂಬ ಮಾತು ಎಷ್ಟು ನಿಜ?

ಕಾರಿನ ಸ್ಟೀರಿಯೋ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ಕಂಪನಿಯ ಸ್ಟೀರಿಯೋ ತೆಗೆದು ಹೊರಗಿನದು ಹಾಕಿದರೆ ಕಾರಿಗೆ ಬೆಂಕಿ ಖಂಡಿತ ಎನ್ನುವುದು ಒಂದು. ಒಂದೇ ಬಣ್ಣದ ವೈರ್‌ಗಳನ್ನು ಸೇರಿಸಿ ಟೇಪ್ ಸುತ್ತಿದರೆ ಸಾಕು, ಹತ್ತು ನಿಮಿಷದ ಕೆಲಸ ಎನ್ನುವುದು ಇನ್ನೊಂದು. ಎರಡನ್ನೂ ಪೂರ್ತಿ ನಂಬುವಂತಿಲ್ಲ. ಸ್ಟೀರಿಯೋ ತಾನಾಗಿ ಬೆಂಕಿ ಹಚ್ಚುವುದಿಲ್ಲ. ಸಡಿಲವಾದ ಜಾಯಿಂಟ್ ಮತ್ತು ತಪ್ಪು ಫ್ಯೂಸ್ ಹಚ್ಚಬಲ್ಲವು. ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೋಡೋಣ.

ಕೊಳ್ಳುವ ಮೊದಲು ಅಳತೆ ನೋಡಿ

ಸ್ಟೀರಿಯೋ ಕೂರುವ ಜಾಗಕ್ಕೆ ಜರ್ಮನಿಯ ಡಿನ್ ಮಾನಕದಿಂದ ಬಂದ ಅಳತೆಯಿದೆ. ಸಿಂಗಲ್ ಡಿನ್ ಎಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್‌ಗೆ ಅಗಲ ಅಷ್ಟೇ, ಎತ್ತರ 100 ಮಿ.ಮೀ. ಕೆಲವು ಕಾರುಗಳಲ್ಲಿ ಈ ಜಾಗ 200 ಮಿ.ಮೀ. ಅಗಲವಿರುತ್ತದೆ. ದೊಡ್ಡ ಟಚ್‌ಸ್ಕ್ರೀನ್‌ಗಳಿಗೆ ನಿಮ್ಮ ಮಾದರಿಗೆಂದೇ ಮಾಡಿದ ಫ್ರೇಮ್ ಬೇಕು.

ಫ್ರೇಮ್ ಜೊತೆ ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಇರುವ ವೈರಿಂಗ್ ಅಡಾಪ್ಟರ್ ಕೂಡ ಕೊಂಡುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಕಾರಿನ ಹೆಸರು ಮತ್ತು ತಯಾರಾದ ವರ್ಷ ಹೇಳಿ ಕೇಳಿ. ಈ ಅಡಾಪ್ಟರ್ ಇದ್ದರೆ ಕಾರಿನ ಒಂದು ವೈರ್ ಕೂಡ ಕತ್ತರಿಸಬೇಕಾಗಿಲ್ಲ. ಕಾರು ವಾರಂಟಿಯಲ್ಲಿದ್ದರೆ ಇದು ಇನ್ನೂ ಮುಖ್ಯ. ಮೂಲ ವೈರ್ ಕತ್ತರಿಸಿದ್ದರೆ ಮುಂದೆ ವಿದ್ಯುತ್ ದೋಷ ಬಂದಾಗ ಕ್ಲೇಮ್ ನಿರಾಕರಿಸಲು ಕಾರಣ ಸಿಕ್ಕಂತಾಗುತ್ತದೆ. ವಾರಂಟಿ ಪುಸ್ತಕದ ಷರತ್ತುಗಳನ್ನು ಮೊದಲೇ ಓದಿಕೊಳ್ಳಿ.

ಯಾವ ವೈರ್ ಯಾವುದಕ್ಕೆ?

ಮಾರುಕಟ್ಟೆಯ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವ ಬಣ್ಣಗಳು ಹೀಗಿವೆ:

- ಹಳದಿ: ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಗಡಿಯಾರ, ಸ್ಟೇಷನ್ ನೆನಪು ಉಳಿಯುವುದು ಇದರಿಂದ.
- ಕೆಂಪು: ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್.
- ಕಪ್ಪು: ಅರ್ಥ್.
- ನೀಲಿ: ಆಂಟೆನಾಗೆ. ನೀಲಿ-ಬಿಳಿ: ಹೊರಗಿನ ಆಂಪ್ಲಿಫೈಯರ್ ಆನ್ ಮಾಡಲು.
- ಕಿತ್ತಳೆ: ಹೆಡ್‌ಲೈಟ್ ಹಾಕಿದಾಗ ಪರದೆಯ ಬೆಳಕು ತಗ್ಗಿಸಲು.
- ಬಿಳಿ, ಬೂದು: ಮುಂದಿನ ಎಡ, ಬಲ ಸ್ಪೀಕರ್. ಹಸಿರು, ನೇರಳೆ: ಹಿಂದಿನ ಎಡ, ಬಲ. ಕಪ್ಪು ಗೆರೆ ಇರುವುದು ಮೈನಸ್.

ಇವು ಸ್ಟೀರಿಯೋದ ಬಣ್ಣಗಳು. ಕಾರಿನ ಕಡೆಯ ಬಣ್ಣಗಳನ್ನು ಆಯಾ ತಯಾರಕರು ತಮಗೆ ಬೇಕಾದಂತೆ ಇಟ್ಟಿರುತ್ತಾರೆ. ಹಾಗಾಗಿ ಬಣ್ಣಕ್ಕೆ ಬಣ್ಣ ಸೇರಿಸಿ ಎಂಬ ಸಲಹೆ ಅಪಾಯಕಾರಿ. ಅಡಾಪ್ಟರ್ ಹಾಕಿದರೂ ಪರೀಕ್ಷೆ ಬಿಡಬೇಡಿ, ಏಕೆಂದರೆ ಕೆಲವು ಕಾರುಗಳ ಕಪ್ಲರ್‌ನಲ್ಲಿ ಹಳದಿ ಮತ್ತು ಕೆಂಪಿನ ಜಾಗ ಅದಲುಬದಲಾಗಿರುತ್ತದೆ.

ಕೆಲಸದ ಕ್ರಮ

1. ಕೀ ತೆಗೆದು, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಮೈನಸ್ಸೇ ಏಕೆ? ಕಾರಿನ ಇಡೀ ಲೋಹದ ದೇಹ ಮೈನಸ್‌ಗೆ ಸೇರಿದೆ. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ದೇಹಕ್ಕೆ ತಗುಲಿದರೆ ನೇರ ಶಾರ್ಟ್ ಆಗುತ್ತದೆ.

2. ಕೆಲವು ನಿಮಿಷ ಕಾಯಿರಿ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ಸರ್ಕ್ಯೂಟ್‌ನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕಪ್ಲರ್ ಅಥವಾ ಹಳದಿ ಹೊದಿಕೆಯ ವೈರ್‌ಗಳ ಗುಚ್ಛ ಕಂಡರೆ ಅದು ಏರ್‌ಬ್ಯಾಗ್‌ನದಾಗಿರಬಹುದು. ಬಿಚ್ಚಬೇಡಿ, ಮೀಟರ್ ಹಚ್ಚಬೇಡಿ.

3. ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲಿನ ಪ್ಯಾನಲ್ ಎಬ್ಬಿಸಿ. ಸ್ಕ್ರೂಡ್ರೈವರ್ ಬಳಸಿದರೆ ಗೀರು ಬೀಳುತ್ತದೆ. ಹಳೆಯ ಸ್ಟೀರಿಯೋ ಹೊರಗೆಳೆದ ಮೇಲೆ ಹಿಂಭಾಗದ ಫೋಟೋ ತೆಗೆದುಕೊಂಡು ಕಪ್ಲರ್ ಬಿಚ್ಚಿ.

4. ಬಿಚ್ಚಿದ ಸ್ವಿಚ್‌ಗಳ ಕಪ್ಲರ್‌ಗಳನ್ನು ಮತ್ತೆ ಜೋಡಿಸಿ, ಪರೀಕ್ಷೆಗೆಂದು ಬ್ಯಾಟರಿ ಕೂಡಿಸಿ. ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಡಿ, ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಕೀ ಇಲ್ಲದಾಗಲೂ 12 ವೋಲ್ಟ್ ತೋರಿಸುವ ವೈರ್ ಹಳದಿಗೆ ಸೇರಬೇಕು. ಎಸಿಸಿ ಸ್ಥಾನದಲ್ಲಿ ಮಾತ್ರ ತೋರಿಸುವುದು ಕೆಂಪಿಗೆ. ಬಳಿಕ ಮೈನಸ್ ಮತ್ತೆ ಬಿಚ್ಚಿ.

5. ಹೊಸ ಸ್ಟೀರಿಯೋದ ವೈರ್‌ಗಳನ್ನು ಅಡಾಪ್ಟರ್ ವೈರ್‌ಗಳಿಗೆ ಮೇಜಿನ ಮೇಲೆ ಕೂತು ಸೇರಿಸಿ. ಕ್ರಿಂಪ್ ಅಥವಾ ಬೆಸುಗೆ ಮಾಡಿ, ಹೀಟ್ ಶ್ರಿಂಕ್ ಕೊಳವೆ ಹಾಕಿ. ಬಳಸದ ವೈರ್‌ಗಳ ತುದಿಗಳನ್ನೂ ಒಂದೊಂದಾಗಿ ಮುಚ್ಚಿ.

6. ಕಪ್ಲರ್ ಸೇರಿಸಿ, ಸ್ಟೀರಿಯೋ ಒಳಗೆ ತಳ್ಳುವ ಮೊದಲೇ ಬ್ಯಾಟರಿ ಕೂಡಿಸಿ ನೋಡಿ. ನಾಲ್ಕೂ ಸ್ಪೀಕರ್ ಬರುತ್ತಿವೆಯೇ? ಕೀ ತೆಗೆದಾಗ ಆಫ್ ಆಗುತ್ತದೆಯೇ? ಎಲ್ಲ ಸರಿಯಿದ್ದರೆ ಸ್ಕ್ರೂ ಬಿಗಿಮಾಡಿ. ವೈರ್‌ಗಳು ಲೋಹದ ಅಂಚಿಗೆ ಉಜ್ಜದಂತೆ, ಸ್ಟೀರಿಂಗ್ ಕೊಳವೆಯ ಬಳಿ ಸುಳಿಯದಂತೆ ಕಟ್ಟಿ.

ಬ್ಯಾಟರಿ ಬಿಚ್ಚಿದ್ದರಿಂದ ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಆಟೋ ವಿಂಡೋಗಳನ್ನೂ ಹೊಂದಿಸಬೇಕು. ಇದು ದೋಷವಲ್ಲ.

ಹರಿದಾಡುವ ಮಾತುಗಳು, ನಿಜಾಂಶ

*ವೈರ್ ಹೊಸೆದು ಟೇಪ್ ಸುತ್ತಿದರೆ ಸಾಕು.* ಸಾಲದು. ಕೈಯಲ್ಲಿ ಹೊಸೆದ ಜಾಯಿಂಟ್ ಕಾರಿನ ಅದುರುವಿಕೆಗೆ ಸಡಿಲವಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಟೇಪಿನ ಅಂಟು ಕರಗುತ್ತದೆ. ಸಡಿಲವಾದ ಕಡೆ ರೋಧ ಏರುತ್ತದೆ. ಕೇವಲ 0.1 ಓಮ್ ರೋಧದ ಮೂಲಕ 10 ಆಂಪಿಯರ್ ಹರಿದರೂ ಆ ಚಿಕ್ಕ ಗಂಟಿನಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. ಸುತ್ತಲೂ ಪ್ಲಾಸ್ಟಿಕ್ ಇರುವ ಜಾಗದಲ್ಲಿ ಇದೇ ಬೆಂಕಿಯ ಬೀಜ.

*ಫ್ಯೂಸ್ ಪದೇ ಪದೇ ಹೋದರೆ ದೊಡ್ಡದು ಹಾಕಿ.* ಎಲ್ಲಕ್ಕಿಂತ ಅಪಾಯದ ಸಲಹೆ ಇದೇ. ಫ್ಯೂಸ್ ಇರುವುದು ಮುಖ್ಯವಾಗಿ ವೈರ್ ಸುಡದಂತೆ ಕಾಯಲು. 10 ಆಂಪಿಯರ್ ಜಾಗದಲ್ಲಿ 30 ಆಂಪಿಯರ್ ಹಾಕಿದರೆ ಫ್ಯೂಸ್‌ಗಿಂತ ಮೊದಲು ವೈರ್ ಸುಡುತ್ತದೆ. ಬೆಳ್ಳಿಹಾಳೆ ಅಥವಾ ತಾಮ್ರದ ಎಳೆ ಸುತ್ತುವುದೂ ಅಷ್ಟೇ ಕೆಟ್ಟದ್ದು. ಫ್ಯೂಸ್ ಹೋಗುತ್ತಿದೆ ಎಂದರೆ ಎಲ್ಲೋ ಶಾರ್ಟ್ ಇದೆ. ಅದನ್ನು ಹುಡುಕಿ.

*ಸ್ಪೀಕರ್ ಮೈನಸ್ಸನ್ನು ಬಾಡಿಗೆ ಕೊಟ್ಟರೂ ನಡೆಯುತ್ತದೆ.* ಕೆಲವು ಹಳೆಯ ಕಾರುಗಳಲ್ಲಿ ನಡೆಯುತ್ತಿತ್ತು. ಈಗಿನ ಸ್ಟೀರಿಯೋಗಳಲ್ಲಿ ಸ್ಪೀಕರ್‌ನ ಎರಡೂ ವೈರ್‌ಗಳನ್ನು ಆಂಪ್ಲಿಫೈಯರ್ ನಡೆಸುತ್ತದೆ. ಮೈನಸ್ ವೈರ್‌ನಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಇರುತ್ತದೆ. ಅದನ್ನು ಬಾಡಿಗೆ ಮುಟ್ಟಿಸಿದರೆ ಸ್ಟೀರಿಯೋ ಸುಟ್ಟುಹೋಗಬಹುದು.

*ಸ್ಪೀಕರ್ ಪ್ಲಸ್-ಮೈನಸ್ ಅದಲುಬದಲಾದರೆ ಸ್ಫೋಟ.* ಹಾಗೇನೂ ಆಗುವುದಿಲ್ಲ. ಆದರೆ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುವುದರಿಂದ ಬೇಸ್ ಸದ್ದು ಕಳೆದುಹೋಗುತ್ತದೆ. ಹಾಡು ಪೇಲವವಾಗಿ ಕೇಳಿದರೆ ಮೊದಲು ಇದನ್ನೇ ಪರೀಕ್ಷಿಸಿ.

*ಪೆಟ್ಟಿಗೆಯ ಮೇಲೆ 50 ವ್ಯಾಟ್ × 4 ಎಂದಿದ್ದರೆ 200 ವ್ಯಾಟ್ ಸದ್ದು.* ಇದು ಗರಿಷ್ಠದ ಲೆಕ್ಕ. ಎಂಜಿನ್ ಚಾಲೂ ಇದ್ದಾಗ ಸಿಗುವುದು ಸುಮಾರು 14.4 ವೋಲ್ಟ್, ಸ್ಪೀಕರ್ ರೋಧ 4 ಓಮ್. 14.4ರ ವರ್ಗವನ್ನು 4ರಿಂದ ಭಾಗಿಸಿದರೆ ಸುಮಾರು 52 ವ್ಯಾಟ್. ಶುದ್ಧ ಸದ್ದಿಗೆ ಸಿಗುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಕೊಳ್ಳುವಾಗ ಆರ್‌ಎಂಎಸ್ ಎಂದು ಬರೆದ ಸಂಖ್ಯೆ ನೋಡಿ.

*ಹೊರಗಿನ ಸ್ಟೀರಿಯೋ ಬ್ಯಾಟರಿ ತಿನ್ನುತ್ತದೆ.* ಸರಿಯಾಗಿ ಜೋಡಿಸಿದ ಸ್ಟೀರಿಯೋ ಆಫ್ ಆದಾಗ ಎಳೆಯುವುದು ಸಾಮಾನ್ಯವಾಗಿ ಕೆಲವೇ ಮಿಲಿಆಂಪಿಯರ್. ಹಳದಿ, ಕೆಂಪು ಎರಡನ್ನೂ ಸದಾ ವಿದ್ಯುತ್ ಇರುವ ವೈರ್‌ಗೇ ಸೇರಿಸಿದರೆ ಅದು ಪೂರ್ತಿ ಮಲಗುವುದೇ ಇಲ್ಲ. ಅರ್ಧ ಆಂಪಿಯರ್ ಎಳೆಯುತ್ತಿದ್ದರೂ 35 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದ ಪ್ರಕಾರ 70 ಗಂಟೆಯಲ್ಲಿ ಖಾಲಿ. ಕಾರು ಸ್ಟಾರ್ಟ್ ಆಗದಿರಲು ಅಷ್ಟೂ ಖಾಲಿಯಾಗಬೇಕಿಲ್ಲ.

ಯಾವಾಗ ಕೈಹಾಕಬಾರದು?

ಎಸಿ, ರಿವರ್ಸ್ ಕ್ಯಾಮೆರಾ, ಕಾರಿನ ಸೆಟ್ಟಿಂಗ್‌ಗಳೆಲ್ಲ ಕಂಪನಿಯ ಪರದೆಯಲ್ಲೇ ಇದ್ದರೆ ಅದನ್ನು ತೆಗೆಯುವುದು ಹೊಸಬರ ಕೆಲಸವಲ್ಲ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ಅವುಗಳ ಹತ್ತಿರ ಸುಳಿಯಬೇಡಿ. ದೊಡ್ಡ ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್ ಬೇಕು, ಅದರ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಇದನ್ನು ಅನುಭವಿ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು. ಹ್ಯಾಂಡ್‌ಬ್ರೇಕ್ ವೈರನ್ನು ಅರ್ಥ್‌ಗೆ ಸೇರಿಸಿ ಓಡಿಸುತ್ತಲೇ ವಿಡಿಯೋ ನೋಡುವ ಉಪಾಯವನ್ನಂತೂ ಯಾರೂ ಪ್ರಯತ್ನಿಸಬಾರದು. ಚಾಲಕನ ಕಣ್ಣು ರಸ್ತೆಯ ಮೇಲಿರಲಿ ಎಂದೇ ಆ ವೈರ್ ಇಟ್ಟಿರುವುದು.

ಒಟ್ಟಿನಲ್ಲಿ

ಸರಿಯಾದ ಅಡಾಪ್ಟರ್, ಒಂದು ಮಲ್ಟಿಮೀಟರ್ ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಸಾಮಾನ್ಯ ಕಾರಿಗೆ ಸ್ಟೀರಿಯೋವನ್ನು ನೀವೇ ಹಾಕಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಹಾಡು ಹಾಕಿ. ಸುಟ್ಟ ವಾಸನೆ ಬಂದರೆ ಅಥವಾ ಪ್ಯಾನಲ್ ಒಂದೇ ಕಡೆ ಬಿಸಿಯಾದರೆ ತಕ್ಷಣ ಆಫ್ ಮಾಡಿ ಮೈನಸ್ ಬಿಚ್ಚಿ. ಫ್ಯೂಸ್ ದೊಡ್ಡದು ಹಾಕಿ ಎನ್ನುವ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಅದರ ಬದಲು ಫ್ಯೂಸ್ ಏಕೆ ಹೋಗುತ್ತದೆ ಎನ್ನುವುದನ್ನು ನಾಲ್ಕು ಜನರಿಗೆ ತಿಳಿಸಿ.