ಹಲ್ಲು ಮಸೆಯುವವರು ಯಾರು?

ನಮ್ಮೂರು ಮನಗೂಳಿಯ ಚರಿತ್ರೆ ಕೇಳಿದರೆ ಓದಿದವರು ಶಾಸನ ತೋರಿಸುತ್ತಾರೆ. ಕಲಚುರಿ ಬಿಜ್ಜಳನ ಕಾಲದ ಬರಹ ಅದರಲ್ಲಿದೆ, ಜೆ.ಎಫ್. ಫ್ಲೀಟ್ ಓದಿ ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಇರಲಿ. ನಾನು ಬಡಿಗೇರ ಮನೆತನದವನು. ನನಗೆ ಗೊತ್ತಿರುವುದು ಕಟಗಿಯ ಚರಿತ್ರೆ. ಅದನ್ನು ಯಾರೂ ಕಲ್ಲಿನಲ್ಲಿ ಕೊರೆಸಿಡಲಿಲ್ಲ, ಒಲೆಗೆ ಹಾಕಿ ರೊಟ್ಟಿ ಸುಟ್ಟುಕೊಂಡರು.

ನಮ್ಮದು ಎರೆಭೂಮಿ. ಜೋಳ, ಕಡಲೆ, ತೊಗರಿ ಬೆಳೆಯುವ ನೆಲ. ಇಡೀ ವಿಜಯಪುರ ಜಿಲ್ಲೆ ಹುಡುಕಿದರೂ ಕಾಡು ನೂರಕ್ಕೆ ಒಂದು ಪಾಲು ಇಲ್ಲ. ಗಿಡ ಎಂದರೆ ಒಡ್ಡಿನ ಮೇಲಿನ ಜಾಲಿ, ಹಳ್ಳದ ದಂಡೆಯ ಬೇವು, ಊರ ಹೊರಗಿನ ಬನ್ನಿ. ಬನ್ನಿಗೆ ಕೊಡಲಿ ಹಾಕುವಂತಿಲ್ಲ, ದಸರೆಗೆ ಅದನ್ನೇ ಮುಡಿಯಬೇಕು. ಬೇವಿಗೆ ಹಾಕಲು ಕೈ ಏಳುವುದಿಲ್ಲ. ಹಾಗಾಗಿ ಈ ಸೀಮೆಯ ಒಕ್ಕಲುತನ ನಿಂತದ್ದೆಲ್ಲ ಜಾಲಿಯ ಮೇಲೆ. ಕುಂಟೆ ಜಾಲಿ, ಕೂರಿಗೆ ಜಾಲಿ, ಚಕ್ಕಡಿಯ ಗಾಲಿಯೂ ಜಾಲಿ.

ನಮ್ಮ ಮುತ್ಯಾ ಗಿಡ ನೋಡಲು ಹೋದರೆ ಮೊದಲು ಕೊಡಲಿ ಎತ್ತುತ್ತಿರಲಿಲ್ಲ. ಸುತ್ತು ಹಾಕಿ, ಯಾವ ಟೊಂಗೆ ಎತ್ತ ಬಾಗಿದೆ ಎಂದು ನೋಡಿ, ಇದು ನೊಗಕ್ಕೆ, ಇದು ಕುಂಟೆಯ ದಿಂಡಿಗೆ ಎಂದು ನಿಂತ ಗಿಡದಲ್ಲೇ ಹಂಚಿಬಿಡುತ್ತಿದ್ದ. ಕಡಿದ ದಿಮ್ಮಿಯನ್ನು ತಿಂಗಳುಗಟ್ಟಲೆ ಬಾವಿಯ ನೀರಿನಲ್ಲಿ ಮುಳುಗಿಸಿಡುವುದು, ಹುಳ ಹತ್ತಬಾರದೆಂದು. ಆಮೇಲೆ ಸೀಳುವ ಕೆಲಸ. ದಿಮ್ಮಿಯನ್ನು ಎತ್ತರಕ್ಕೆ ಕೂರಿಸಿ, ಮಸಿ ಹಚ್ಚಿದ ದಾರ ಹಿಡಿದು ಗೆರೆ ಹೊಡೆದು, ಮೇಲೊಬ್ಬ ಕೆಳಗೊಬ್ಬ ನಿಂತು ಕರಗಸ ಎಳೆಯಬೇಕು. ಕೆಳಗೆ ನಿಂತವನ ಕಣ್ಣು, ಮೂಗು, ಬಾಯಿಗೆಲ್ಲ ಪುಡಿ. ಅಪ್ಪ ಚಿಕ್ಕವನಿದ್ದಾಗ ಕೆಳಗಿನ ಜಾಗ ಯಾವಾಗಲೂ ಅವನದೇ ಅಂತೆ. ವಯಸ್ಸಾದ ಮೇಲೂ ಆ ಸಿಟ್ಟು ಹೋಗಿರಲಿಲ್ಲ.

ಕರಗಸಕ್ಕೆ ಜೀವ ಹಲ್ಲಿನಲ್ಲಿ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರಬೇಕು. ಇಲ್ಲದಿದ್ದರೆ ಅಲಗು ಕಟಗಿಯಲ್ಲೇ ಸಿಕ್ಕಿ ಕೂರುತ್ತದೆ. ಸಂಜೆ ಊಟಕ್ಕೆ ಮೊದಲು ಕಾನಸ ಹಿಡಿದು ಕೂರುವುದು ನಮ್ಮ ಮನೆಯ ಕಟ್ಟಳೆ. ಕೊಡಲಿಯ ಬಾಯಿ ಹೋದರೆ ಕಂಬಾರನ ಕುಲುಮೆ ಕೂಗಳತೆಯಲ್ಲಿತ್ತು. ರೊಕ್ಕದ ಮಾತಿಲ್ಲ. ಒಕ್ಕಲಿಗರ ಕಣದಲ್ಲಿ ರಾಶಿಯಾದಾಗ ಬಡಿಗೇರನಿಗೂ ಕಂಬಾರನಿಗೂ ಆಯದ ಜೋಳ ಬರುತ್ತಿತ್ತು. ಅದಕ್ಕೆ ಬದಲು ವರ್ಷವಿಡೀ ಅವರ ಕುಂಟೆ, ಕೂರಿಗೆ ನಾವು ದುರಸ್ತಿ ಮಾಡಬೇಕು. ಈ ಪದ್ಧತಿಯನ್ನು ಹೊಗಳುವವರು ಬಹಳ. ಬರ ಬಿದ್ದ ವರ್ಷ ಆಯ ಕೇಳಲು ಹೋಗಿ ಕಣದ ಬದಿಗೆ ಕಾಯುತ್ತ ನಿಂತವರ ಮನೆಯವನು ನಾನು, ಅಷ್ಟು ಹೊಗಳಲಾರೆ. ಆದರೆ ಒಂದು ಮಾತು ನಿಜ: ಊರಿನ ಯಾವ ಹತ್ಯಾರವೂ ಕೆಟ್ಟು ಮೂಲೆಗೆ ಬೀಳುತ್ತಿರಲಿಲ್ಲ.

ಟ್ರ್ಯಾಕ್ಟರ್ ಬಂತು, ಕಬ್ಬಿಣದ ಕುಂಟೆ ಬಂತು, ಚಕ್ಕಡಿಗೆ ಟೈರು ಬಂತು. ಜಾಲಿ ಕೇಳುವವರಿಲ್ಲದಾಯಿತು. ಅತ್ತ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು ಎಷ್ಟೋ ವರ್ಷಗಳ ಮೇಲೆ ತುಂಬಿದಾಗ ಮುಳುಗಡೆಯ ಊರವರು ತೊಲೆ, ಬಾಗಿಲು, ಚೌಕಟ್ಟು ಕಿತ್ತುಕೊಂಡು ಎದ್ದು ಬಂದರು. ಆ ಹಳೆಯ ತೊಲೆಗಳನ್ನು ಹೊಸ ಮನೆಗೆ ಕೂಡಿಸುವ ಕೆಲಸದಲ್ಲಿ ಅಪ್ಪನ ಕರಗಸಕ್ಕೆ ಕೊನೆಯ ಸುಗ್ಗಿ.

ಚೈನು ತಿರುಗುವ ಯಂತ್ರದ ಗರಗಸವನ್ನು ನಾನು ಕಣ್ಣಾರೆ ಕಂಡದ್ದು 2010ರ ಆಸುಪಾಸಿನಲ್ಲಿ, ಆಗಿನ 13ನೆಯ ನಂಬರಿನ ಹೆದ್ದಾರಿಯನ್ನು (ಈಗ ಅದು 50) ಅಗಲ ಮಾಡುವಾಗ. ನಾವಿಬ್ಬರು ಒಂದು ಹಗಲು ಎಳೆಯಬೇಕಾದ ಬೇವಿನ ಬೊಡ್ಡೆಯನ್ನು ಒಬ್ಬ ಹುಡುಗ ಚಹಾ ಆರುವಷ್ಟರಲ್ಲಿ ಉರುಳಿಸಿದ. ಅಪ್ಪ ಗಿಡ ನೋಡಲಿಲ್ಲ, ಕೆಳಗೆ ಬಿದ್ದ ಪುಡಿಯನ್ನು ಹಿಡಿಯಲ್ಲಿ ಎತ್ತಿ ನೋಡಿದ. “ಚೂರು ಚೂರು ಬಿದ್ದಾವ, ಹಿಟ್ಟಾಗಿಲ್ಲ. ಹಲ್ಲು ಛಲೋ ಮಸದಾನ,” ಅಂದ. ಇವತ್ತಿಗೂ ಚೈನು ಹರಿತವಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ.

ಈ ಚೈನಿನ ಹುಟ್ಟೂ ವಿಚಿತ್ರ. ಹದಿನೆಂಟನೆಯ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು ಕಷ್ಟದ ಹೆರಿಗೆಯಲ್ಲಿ ಎಲುಬು ಕೊಯ್ಯಲು ಹಲ್ಲಿನ ಸರಪಳಿ ಮಾಡಿದರು. ಕಟಗಿಗೆ ಅದು ಬಂದದ್ದು ಬಹಳ ತಡವಾಗಿ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಕರೆಂಟಿನದು, 1929ರಲ್ಲಿ ಪೆಟ್ರೋಲಿನದು ಮಾಡಿದ. ಎರಡನ್ನೂ ಹಿಡಿಯಲು ಇಬ್ಬರು ಬೇಕು, ನಮ್ಮ ಕರಗಸದ ಹಾಗೆಯೇ. ಅಮೆರಿಕದ ಆರಿಗನ್‌ನಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವನು ಬೊಡ್ಡೆ ಕೊರೆಯುವ ಹುಳದ ದವಡೆ ನೋಡಿ, ಅದರಂತೆಯೇ ಎಡಬಲ ಕೊಯ್ಯುವ ಹಲ್ಲು ಮಾಡಿ 1947ರಲ್ಲಿ ಮಾರಲು ತೊಡಗಿದ. ಈಗಿನ ಚೈನುಗಳೆಲ್ಲ ಆ ವಂಶದವೇ. ಯಾವ ಹುಳಕ್ಕೆ ಹೆದರಿ ಮುತ್ಯಾ ದಿಮ್ಮಿಯನ್ನು ಬಾವಿಗೆ ಹಾಕುತ್ತಿದ್ದನೋ, ಅಂಥದೇ ಹುಳವನ್ನು ಆತ ಗುರು ಮಾಡಿಕೊಂಡ.

ಈಗ ಊರ ಹುಡುಗರು ಬಂದು ಕೇಳುವುದು ಒಂದೇ: “ಕಾಕಾ, ಯಾವ ಕಂಪನಿ ಮಷೀನ್ ತಗೋಲಿ?” ನಾನು ಮೊದಲು ಕೇಳುವುದು, ಅದರ ಬಿಡಿಭಾಗ ವಿಜಯಪುರದಲ್ಲಿ ಸಿಗುತ್ತದೆಯೇ, ರಿಪೇರಿ ಮಾಡುವವನು ಯಾರು ಎಂದು. ಸಂತೆಯಲ್ಲಿ, ಫೋನಿನಲ್ಲಿ 58 ಸಿಸಿಯ ಅಗ್ಗದ ಮಷೀನುಗಳು ಬೇಕಾದಷ್ಟು. ಅಂಥದೊಂದನ್ನು ನನ್ನ ತಮ್ಮನ ಮಗ ತಂದ. ಸ್ಟಾರ್ಟರಿನ ಹಗ್ಗ ಹರಿದ ದಿನದಿಂದ ಅದು ಅಟ್ಟದ ಮೇಲಿದೆ, ಮಾರಿದವನ ಫೋನು ಹತ್ತುವುದಿಲ್ಲ. ಸಿಸಿ ನೋಡಿ ಮರುಳಾಗಬಾರದು. ನಮ್ಮ ಒಡ್ಡಿನ ಜಾಲಿಗೆ, ನಿಂಬೆ ತೋಟದ ಒಣಟೊಂಗೆಗೆ 40-45 ಸಿಸಿ, 16 ಇಂಚಿನ ಬಾರು (ಚೈನು ಸುತ್ತುವ ಪಟ್ಟಿ) ಸಾಕು. ಉದ್ದ ಬಾರು ಹಾಕಿದರೆ ಗತ್ತು ಬರುತ್ತದೆ, ಎಂಜಿನ್ನಿಗೆ ಏದುಸಿರೂ ಬರುತ್ತದೆ. ಕರೆಂಟಿನದು ಮನೆಯ ಹಿತ್ತಲಿಗೆ ಸರಿ. ಹೊಲದಲ್ಲಿ ಕರೆಂಟು ಇರುವುದೇ ಕೆಲವು ತಾಸು. ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಲೀಟರಿಗೆ ಎಷ್ಟು ಎಂದು ಪುಸ್ತಕದಲ್ಲಿ ಬರೆದಿರುತ್ತದೆ. 50ಕ್ಕೆ 1 ಎಂದಿದ್ದರೆ 20 ಮಿಲಿ, ಅಳೆದೇ ಹಾಕಬೇಕು. ಅಂದಾಜಿನ ಮೇಲೆ ಸುರಿದು ಪಿಸ್ಟನ್ ಸುಟ್ಟುಕೊಂಡವರು ಸುತ್ತಮುತ್ತ ಬೇಕಾದಷ್ಟಿದ್ದಾರೆ. ಚೈನ್ ಬ್ರೇಕ್ ಇಲ್ಲದ ಮಷೀನನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ: ಬಾರಿನ ತುದಿ ಕಟಗಿಗೆ ತಾಗಿದರೆ ಮಷೀನು ಮುಖಕ್ಕೇ ಹಾರುತ್ತದೆ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಕೊಯ್ಯುವವರನ್ನು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಒಣಗಿದ ಜಾಲಿ ಚೈನಿನ ಹಲ್ಲನ್ನು ಬೇಗ ತಿನ್ನುತ್ತದೆ. ಬುಡಕ್ಕೆ ಮೆತ್ತಿದ ಎರೆಮಣ್ಣು ಇನ್ನೂ ಬೇಗ. ಮಣ್ಣು ಕೆರೆದು ಕೊಯ್ಯಬೇಕು, ಚೈನಿಗೆ ಹೊಂದುವ ದುಂಡು ಕಾನಸ ಜೇಬಿನಲ್ಲಿ ಇರಬೇಕು. ಕೆಲವಕ್ಕೆ 4 ಮಿಲಿಮೀಟರಿನದು, ಕೆಲವಕ್ಕೆ 4.8. ಪ್ರತಿ ಹಲ್ಲಿಗೂ ಅಷ್ಟೇ ಎಳೆತ, ಅದೇ ಓರೆ. ಮನೆಯ ಸಂಜೆಗಳು ಕಲಿಸಿದ ಈ ಕೆಲಸಕ್ಕೆ ಈಗ ಜನ ನನಗೆ ರೊಕ್ಕ ಕೊಡುತ್ತಾರೆ. ಆಯದ ಜೋಳಕ್ಕಿಂತ ವಾಸಿ.

ಕಡಿಯಲು ಉಳಿದಿರುವುದಾದರೂ ಏನು? ಹೆಚ್ಚಿನದು ಬಳ್ಳಾರಿ ಜಾಲಿ. 1877ರ ಸುಮಾರಿಗೆ ಬರದ ದಿನಗಳಲ್ಲಿ ಉರುವಲಿಗಾಗಲಿ ಎಂದು ಬ್ರಿಟಿಷರು ಕಡಪದ ಕಡೆ ಬಿತ್ತಿದ ಪರದೇಶಿ ಜಾತಿ ಅದು. ಈಗ ಹಳ್ಳಕೊಳ್ಳವೆಲ್ಲ ಅದರದೇ ರಾಜ್ಯ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಉಂಟು. ಬೇವು ಕಡಿಯಬೇಕೆಂದರೆ, ಅದು ನಿಮ್ಮ ಹೊಲದ್ದೇ ಆಗಿರಲಿ, ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು.

ಮುಳವಾಡ ಏತ ನೀರಾವರಿಯ ನೀರು ಬಂದ ಮೇಲೆ ಒಡ್ಡುಗಳ ಮೇಲೆ ಸಾಲಾಗಿ ಹೆಬ್ಬೇವು ಎದ್ದಿದೆ. ಎಲ್ಲರ ಬಾಯಲ್ಲೂ ಪ್ಲೈವುಡ್ ಲೆಕ್ಕ. ಮೆತ್ತನೆಯ ಕಟಗಿ ಅದು, ಸಣ್ಣ ಮಷೀನೂ ಸಲೀಸಾಗಿ ಕೊಯ್ಯುತ್ತದೆ. ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಇನ್ನೂ ತೋಳಿನ ದಪ್ಪವಾಗದ ಗಿಡಗಳಿಗಾಗಿ ಈಗಲೇ 20 ಇಂಚಿನ ಬಾರಿಗೆ ಮುಂಗಡ ಕೊಟ್ಟು ಬಂದಿದ್ದಾನೆ. ಮುಂಗಡ ವಾಪಸು ತರಲು ನಾಳೆ ಅವನ ಜೊತೆ ನಾನೇ ವಿಜಯಪುರಕ್ಕೆ ಹೊರಟಿದ್ದೇನೆ.