ಬಾಣಂತಿಯ ಬಳಿ ಕೂರುವವರು ಯಾರು?

ಮಗುವಿಗೆ ಹಾಲುಣಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಆದರೆ ನಮ್ಮ ಅಜ್ಜಿಯರೂ ಅದನ್ನು ಕಲಿತೇ ಮಾಡಿದವರು. ಕಲಿಸುವವರು ಮನೆಯಲ್ಲೇ ಇದ್ದುದರಿಂದ ಅದು ಕಲಿಕೆ ಎನಿಸಲಿಲ್ಲ, ಅಷ್ಟೆ. ತವರಿನ ಬಾಣಂತನದಲ್ಲಿ ತಾಯಿಯೋ ಸೂಲಗಿತ್ತಿಯೋ ಪಕ್ಕದಲ್ಲಿ ಕೂತು ಮಗುವನ್ನು ಎದೆಗೆ ಹಿಡಿಯುವ ರೀತಿ ತೋರಿಸುತ್ತಿದ್ದರು. ಅವರ ತಿಳಿವಳಿಕೆಯಲ್ಲಿ ತಪ್ಪುಗಳೂ ಇದ್ದವು. ರೋಗನಿರೋಧಕ ಶಕ್ತಿಯಿರುವ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸುವ ಪದ್ಧತಿ ಅನೇಕ ಕಡೆ ಇತ್ತು.

20ನೇ ಶತಮಾನದಲ್ಲಿ ತಾಯಿ ಮಗುವಿನ ನಡುವೆ ಹಾಲಿನ ಪುಡಿಯ ಡಬ್ಬ ಬಂದು ಕೂತಿತು. 1939ರಲ್ಲಿ ಸಿಂಗಾಪುರದ ರೋಟರಿ ಕ್ಲಬ್‌ನಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ 'ಹಾಲು ಮತ್ತು ಕೊಲೆ' ಎಂಬ ವಿಷಯದ ಮೇಲೆ ಮಾತನಾಡಿ, ಈ ಹಾಲಿನ ಪ್ರಚಾರ ಶಿಶುಗಳ ಜೀವ ತೆಗೆಯುತ್ತಿದೆ ಎಂದು ದೂರಿದರು. ಪುಡಿಗೆ ಶುದ್ಧ ನೀರು, ಕುದಿಸಿದ ಬಾಟಲಿ ಬೇಕು. ಮತ್ತೆ ಮತ್ತೆ ಕೊಳ್ಳಲು ಹಣ ಬೇಕು. ಬಡವರ ಮನೆಯಲ್ಲಿ ಪುಡಿ ಕಡಿಮೆಯಾಗಿ ನೀರು ಹೆಚ್ಚುತ್ತದೆ, ಮಗುವಿಗೆ ಭೇದಿ ಹಿಡಿಯುತ್ತದೆ. ಮಗು ಚೀಪದಿದ್ದರೆ ತಾಯಿಯ ಹಾಲೂ ಇಳಿಯುತ್ತದೆ.

1981ರಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಮಾರಾಟಕ್ಕೆ ನೀತಿಸಂಹಿತೆ ರೂಪಿಸಿತು. 118 ರಾಷ್ಟ್ರಗಳು ಒಪ್ಪಿದವು, ಅಮೆರಿಕವೊಂದೇ ವಿರುದ್ಧ ಮತ ಹಾಕಿತು. ಭಾರತ 1992ರಲ್ಲಿ ಕಾನೂನು ಮಾಡಿ, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತಿಗೆ ತಡೆ ಬಿತ್ತು.

ಜಾಹೀರಾತು ಹೋಯಿತು ಸರಿ, ಅಜ್ಜಿಯ ಜಾಗಕ್ಕೆ ಯಾರು ಬಂದರು? ದಕ್ಷಿಣ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಜಯನಗರ, ಜೆ.ಪಿ. ನಗರಗಳ ಅನುಕೂಲಸ್ಥರು ಹಣ ಕೊಟ್ಟು ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಅನ್ನು ಕರೆಸಿಕೊಳ್ಳಬಲ್ಲರು. ಬಿ.ಟಿ.ಎಂ. ಲೇಔಟ್‌ನ ಆಚೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ತವರು ದೂರ, ಬಾಡಿಗೆ ಕೋಣೆ ಚಿಕ್ಕದು. ಸಹಜ ಹೆರಿಗೆಯಾದರೆ ಎರಡು ಮೂರು ದಿನದಲ್ಲಿ ಸರಕಾರಿ ಆಸ್ಪತ್ರೆಯಿಂದ ಮನೆಗೆ. ಹಾಲು ತುಂಬಿಬರುವುದೂ ಆಗಲೇ, ಎದೆ ಗಟ್ಟಿಯಾಗಿ ತೊಟ್ಟು ಒಡೆಯುವುದೂ ಆಗಲೇ. "ನಿನಗೆ ಹಾಲಿಲ್ಲ" ಎಂದು ಯಾರಾದರೂ ಅಂದರೆ ಸಾಕು, ಡಬ್ಬ ಬರುತ್ತದೆ.

ಆ ಹೊತ್ತಿಗೆ ಬೇಕಾದುದು ದೊಡ್ಡ ಯಂತ್ರವಲ್ಲ. ಮಗು ಬಾಯಿ ಅಗಲಿಸಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಹಿಡಿದಿದೆಯೇ ಎಂದು ನೋಡುವ ಕಣ್ಣು. ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದು ಧೈರ್ಯ ಹೇಳುವ ಬಾಯಿ.

ಸರಕಾರ ಕೈಕಟ್ಟಿ ಕೂತಿಲ್ಲ. 2013ರಲ್ಲಿ ನಗರ ಆರೋಗ್ಯ ಅಭಿಯಾನ ಶುರುವಾದ ಮೇಲೆ ಆಶಾ ಕಾರ್ಯಕರ್ತೆಯರು ನಗರದ ಬಡಾವಣೆಗಳಿಗೂ ಬಂದರು. 2016ರ 'ಮಾ' ಕಾರ್ಯಕ್ರಮ ಅವರಿಗೂ ದಾದಿಯರಿಗೂ ಈ ತರಬೇತಿಯನ್ನು ಉದ್ದೇಶಿಸಿತು. 2022ರಲ್ಲಿ ವಾಣಿ ವಿಲಾಸ ಆಸ್ಪತ್ರೆಯಲ್ಲಿ 'ಅಮೃತಧಾರೆ' ಎದೆಹಾಲು ಬ್ಯಾಂಕ್ ತೆರೆಯಿತು. ದುಡಿಯುವ ತಾಯಿಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಕಾಯ್ದೆಯೇ ಹೇಳಿದೆ. ಆದರೆ ಮಗು ಕೋಣೆಯಲ್ಲಿ, ತಾಯಿ ಹೊಲಿಗೆ ಯಂತ್ರದ ಮುಂದೆ ಇದ್ದರೆ ಬಿಡುವಿನಿಂದೇನು ಪ್ರಯೋಜನ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶೇ. 89ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಮಾತ್ರ ಶೇ. 42. ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದೆವು; ಬಾಣಂತಿಯ ಪಕ್ಕ ಕೂರುತ್ತಿದ್ದವಳನ್ನು ತರಲು ಮರೆತೆವು. ಪ್ರತಿ ಹೆರಿಗೆ ವಾರ್ಡಿಗೂ ಇದೇ ಕೆಲಸಕ್ಕೆಂದು ತರಬೇತಾದ ಒಬ್ಬಾಕೆಯನ್ನು ನೇಮಿಸುವುದು ಈಗ ಆಗಬೇಕಾದ ಕೆಲಸ.