ಡರ್‌ಹಮ್ ಗಣಿಸೀಮೆಯ ಪಕ್ಷನಿಷ್ಠೆ ಮತ್ತು ಪಕ್ಷಾಂತರ

ಬ್ರಿಟನ್ನಿನ ರಾಜಕೀಯ ಚರಿತ್ರೆಯಲ್ಲಿ ಪಕ್ಷಾಂತರವೆಂದೊಡನೆ ವಿದ್ವಾಂಸರ ಗಮನ ಸಂಸತ್ತಿನತ್ತ ಹರಿಯುತ್ತದೆ. 1904ರಲ್ಲಿ ಕನ್ಸರ್ವೇಟಿವ್ ಪಕ್ಷವನ್ನು ತೊರೆದು ಲಿಬರಲ್ ಪಕ್ಷ ಸೇರಿದ ಚರ್ಚಿಲ್ ಎರಡು ದಶಕಗಳ ತರುವಾಯ ಮಾತೃಪಕ್ಷಕ್ಕೆ ಮರಳಿದುದು ಸುಪರಿಚಿತ ಸಂಗತಿ. ಒಂದು ಜನಸಮುದಾಯವೇ ಪಕ್ಷ ಬದಲಿಸುವುದು ಇದಕ್ಕಿಂತ ಭಿನ್ನವಾದ ಪ್ರಕ್ರಿಯೆ. ಈಶಾನ್ಯ ಇಂಗ್ಲೆಂಡಿನ ಡರ್‌ಹಮ್ ಕಲ್ಲಿದ್ದಲ ಸೀಮೆಯಲ್ಲಿ ಅದನ್ನು ಸ್ಪಷ್ಟವಾಗಿ ಕಾಣಬಹುದು.

ಲೇಬರ್ ಪಕ್ಷದ ಭದ್ರಕೋಟೆಯೆನಿಸಿದ್ದ ಈ ಸೀಮೆಯ ನಿಷ್ಠೆ ಅನಾದಿಯಾದುದಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಗಣಿಕಾರ್ಮಿಕ ಸಂಘದ ಮುಖಂಡರು ಲಿಬರಲ್ಲರಾಗಿದ್ದರು. 1909ರಲ್ಲಿ ಗಣಿಕಾರ್ಮಿಕರ ಒಕ್ಕೂಟವು ಲೇಬರ್ ಪಕ್ಷವನ್ನು ಸೇರಿದಾಗ ಸಂಘದ ಹಿರಿಯ ನಾಯಕ, ಸಂಸತ್ಸದಸ್ಯ ಜಾನ್ ವಿಲ್ಸನ್ ಹಳೆಯ ಪಕ್ಷದಲ್ಲೇ ಉಳಿದರು. ಅವರ ತಲೆಮಾರಿಗೆ ಪಕ್ಷಾಂತರವಾಗಿದ್ದುದು ಮುಂದಿನ ತಲೆಮಾರಿಗೆ ಮನೆತನದ ನಡೆಯಾಯಿತು.

ಈ ನಿಷ್ಠೆಯನ್ನು ಕನ್ನಡ ಜಾನಪದದ ಪರಿಭಾಷೆಯಲ್ಲಿ ‘ಒಕ್ಕಲು’ ಎನ್ನಬಹುದು. ಮನೆದೇವರನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಹುಟ್ಟಿನಿಂದ ಒಕ್ಕಲಾಗಿರುತ್ತಾರೆ. ಡರ್‌ಹಮ್‌ನಲ್ಲಿ ಆ ದೇವರ ಗುಡಿಯೆಂದರೆ ಪ್ರತಿ ಗಣಿಯ ‘ಲಾಡ್ಜ್’, ಅಂದರೆ ಸಂಘದ ಶಾಖೆ. ಕೂಲಿಯ ಚೌಕಾಸಿ, ಗಾಯಾಳುವಿನ ಪರಿಹಾರ ಎಲ್ಲವೂ ಅದರ ಹೊಣೆ. ಮುದುಕರಿಗೆ ಮನೆ ಒದಗಿಸುವ ಪ್ರತ್ಯೇಕ ಸಂಸ್ಥೆಯೊಂದು 1898ರಲ್ಲೇ ಹುಟ್ಟಿಕೊಂಡಿತ್ತು. 1871ರಿಂದ ನಡೆದುಬಂದ ಗಣಿಕಾರ್ಮಿಕರ ಜಾತ್ರೆಗೆ ಪ್ರತಿ ಲಾಡ್ಜೂ ತನ್ನ ಚಿತ್ರಧ್ವಜವನ್ನು ವಾದ್ಯಮೇಳದೊಡನೆ ಹೊತ್ತು ತರುತ್ತದೆ. ಹೊಸ ಧ್ವಜಗಳಿಗೆ ಕೆಥೀಡ್ರಲ್‌ನಲ್ಲಿ ಆಶೀರ್ವಾದವಾಗುತ್ತದೆ. ಆ ವರ್ಷ ಗಣಿಯಲ್ಲಿ ಸಾವು ಸಂಭವಿಸಿದ್ದರೆ ಧ್ವಜಕ್ಕೆ ಕಪ್ಪು ಬಟ್ಟೆ ಸುತ್ತುವುದು ವಾಡಿಕೆಯಾಗಿತ್ತು. ಮತಪೆಟ್ಟಿಗೆಯ ನಿಷ್ಠೆ ಇಂತಹ ಆಚರಣೆಗಳಲ್ಲಿ ಬೇರೂರಿತ್ತು.

ಒಕ್ಕಲಿನ ಈ ಕಟ್ಟು ನಾಯಕರನ್ನೂ ಬಿಡಲಿಲ್ಲ. ಇಲ್ಲಿನ ಸೀಹಮ್ ಕ್ಷೇತ್ರದ ಪ್ರತಿನಿಧಿಯಾಗಿದ್ದ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ 1931ರಲ್ಲಿ ಕನ್ಸರ್ವೇಟಿವರೊಡನೆ ಕೂಡಿ ರಾಷ್ಟ್ರೀಯ ಸರ್ಕಾರ ರಚಿಸಿದಾಗ ಲೇಬರ್ ಪಕ್ಷ ಅವರನ್ನು ಉಚ್ಚಾಟಿಸಿತು. ಆ ವರ್ಷ ಮತದಾರರು ಅವರನ್ನು ಮತ್ತೆ ಗೆಲ್ಲಿಸಿದರು ನಿಜ. ಆದರೆ 1935ರಲ್ಲಿ ಲೇಬರ್ ಅಭ್ಯರ್ಥಿ ಶಿನ್‌ವೆಲ್ ಎದುರು ಅವರು 20 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

1984-85ರ ಮುಷ್ಕರದ ಸೋಲಿನ ಅನಂತರ ಗಣಿಗಳು ಒಂದೊಂದಾಗಿ ಮುಚ್ಚಿದವು. 1993ರಲ್ಲಿ ಈಸಿಂಗ್‌ಟನ್, ವೇರ್‌ಮೌತ್‌ಗಳೂ ನಿಂತವು. ಗುಡಿ ಬಿದ್ದ ಮೇಲೂ ಒಕ್ಕಲು ಒಂದು ತಲೆಮಾರು ಬಾಳಿತೆಂಬುದೇ ಸೋಜಿಗ. 2016ರ ಜನಮತಗಣನೆಯಲ್ಲಿ ಡರ್‌ಹಮ್ ಕೌಂಟಿಯ ನೂರಕ್ಕೆ 57ಕ್ಕೂ ಹೆಚ್ಚು ಮತಗಳು, ಲೇಬರ್ ಪಕ್ಷದ ನಿಲುವಿಗೆ ವಿರುದ್ಧವಾಗಿ, ಯುರೋಪಿಯನ್ ಒಕ್ಕೂಟವನ್ನು ತೊರೆಯುವ ಪರವಾಗಿ ಬಿದ್ದವು. 1935ರಿಂದ ಎಡೆಬಿಡದೆ ಲೇಬರ್ ಗೆದ್ದಿದ್ದ ಬಿಷಪ್ ಆಕ್ಲೆಂಡ್ 2019ರಲ್ಲಿ ಕನ್ಸರ್ವೇಟಿವರ ಪಾಲಾಯಿತು. ಇದನ್ನು ಕೇವಲ ಬ್ರೆಕ್ಸಿಟ್ಟಿನ ಫಲವೆನ್ನುವ ವಾದ ಅಪೂರ್ಣ. 2024ರಲ್ಲಿ ಕ್ಷೇತ್ರ ಲೇಬರ್ ಪಕ್ಷಕ್ಕೆ ಮರಳಿದರೂ, 2025ರ ಮೇ ತಿಂಗಳಲ್ಲಿ ಕೌಂಟಿ ಕೌನ್ಸಿಲ್ಲಿನ 98 ಸ್ಥಾನಗಳಲ್ಲಿ 65ನ್ನು ರಿಫಾರ್ಮ್ ಯುಕೆ ಪಕ್ಷ ಗೆದ್ದುಕೊಂಡಿತು.

ಅದೇ ವರ್ಷದ ಜುಲೈ ಜಾತ್ರೆಯಲ್ಲಿ, ಎಂದೋ ಮುಚ್ಚಿದ ಗಣಿಗಳ ಧ್ವಜಗಳು ಎಂದಿನಂತೆ ವಾದ್ಯಗಳ ಹಿಂದೆ ಡರ್‌ಹಮ್ ನಗರದ ಬೀದಿಗಳಲ್ಲಿ ಸಾಗಿದವು.